ಖಾಲಿ ಸಾಲಿನ ಪ್ರತ್ಯವಾಯ

ಪೈಥಾನ್‌ನಲ್ಲಿ ಒಂದು ಫಂಕ್ಷನ್ ಮುಗಿದು ಇನ್ನೊಂದು ಶುರುವಾಗುವ ಮುನ್ನ ಎರಡು ಖಾಲಿ ಸಾಲು ಬಿಡಬೇಕು. ಕ್ಲಾಸಿನೊಳಗಿನ ಮೆಥಡ್‌ಗಳ ನಡುವೆ ಒಂದು. 2001ರಲ್ಲಿ ಹೊರಬಂದ ಪೆಪ್ 8 ಎಂಬ ಶೈಲಿ ಕೈಪಿಡಿಯ ವಿಧಿ ಇದು. ಒಂದೇ ಸಾಲು ಬಿಟ್ಟರೆ, ಕೋಡ್ ತಪಾಸಣೆ ಮಾಡುವ ಲಿಂಟರ್ ‘ಇ302’ ಎಂದು ತೋರಿಸಿ, ಎರಡು ಬೇಕಿತ್ತು, ಒಂದೇ ಸಿಕ್ಕಿತು ಎನ್ನುತ್ತದೆ. ಮೂರು ಬಿಟ್ಟರೆ ‘ಇ303’, ಹೆಚ್ಚಾಯಿತು ಎಂದು. ಸರಿಯಾಗಿ ಬಿಟ್ಟರೆ ಏನೂ ಹೇಳುವುದಿಲ್ಲ.

ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುವ ನನಗೆ ಹೊಸಬರ ಕೋಡ್ ಓದುವುದು ದಿನದ ಪಾಡು. ಅವರಲ್ಲೊಬ್ಬ, ಶಿವಮೊಗ್ಗದಲ್ಲೇ ಇಂಜಿನಿಯರಿಂಗ್ ಓದಿದ ಹುಡುಗ, ಕೇಳಿದ: “ಮೇಡಂ, ಈ ಸಾಲು ಇದ್ರೂ ಇಲ್ದಿದ್ರೂ ಪ್ರೋಗ್ರಾಂ ಒಂದೇ ಥರ ಓಡುತ್ತಲ್ಲ, ಮತ್ತೆ ತಪ್ಪು ಅಂತ ಯಾಕೆ ಅನ್ಬೇಕು?”

ನ್ಯಾಯವಾದ ಪ್ರಶ್ನೆ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದ ಮೊದಲ ಲಿಂಟ್ ಹುಡುಕುತ್ತಿದ್ದದ್ದು ಪ್ರೋಗ್ರಾಂ ಕೆಡಿಸಬಲ್ಲ ಸಂಗತಿಗಳನ್ನು. ಖಾಲಿ ಸಾಲು ಏನನ್ನೂ ಕೆಡಿಸುವುದಿಲ್ಲ. ಪೈಥಾನ್‌ನಲ್ಲಿ ಸಾಲಿನ ಮೊದಲಿಗೆ ಬಿಡುವ ಜಾಗ ವ್ಯಾಕರಣವೇ ಹೌದು, ಅದು ತಪ್ಪಿದರೆ ಪ್ರೋಗ್ರಾಂ ನಿಂತುಬಿಡಬಹುದು. ಎರಡು ಫಂಕ್ಷನ್‌ಗಳ ನಡುವಿನ ಖಾಲಿ ಜಾಗವನ್ನಾದರೋ ಇಂಟರ್‌ಪ್ರಿಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಟ್ಟರೆ ಫಲವಿಲ್ಲ; ಬಿಡದಿದ್ದರೆ ಮಾತ್ರ ದೋಷ.

ಭದ್ರಾವತಿಯ ಪೇಪರ್ ಟೌನಿನಲ್ಲಿರುವ ಅಪ್ಪನಿಗೆ ಇದನ್ನು ಹೇಳಿದೆ. ಎಂಪಿಎಂ ಕಾಗದದ ಕಾರ್ಖಾನೆಯಲ್ಲಿ ಪಾಳಿ ದುಡಿದು ನಿವೃತ್ತರಾದ ಮೇಲೆ ಅವರ ಬೆಳಗಿನ ಹೊತ್ತೆಲ್ಲ ಶಾಂಕರಭಾಷ್ಯಕ್ಕೆ ಮೀಸಲು. ಕಂಪ್ಯೂಟರಿನ ವಿವರ ಕೇಳದೆಯೇ, “ಇದು ನಿತ್ಯಕರ್ಮದ ಪ್ರಶ್ನೆ ಕಣಮ್ಮ” ಅಂದರು.

ಫಲ ಬಯಸಿ ಮಾಡುವುದು ಕಾಮ್ಯ. ಮಾಡಬಾರದ್ದು ನಿಷಿದ್ಧ. ಸಂಧ್ಯಾವಂದನೆಯಂಥದ್ದು ನಿತ್ಯ. ನಿತ್ಯವನ್ನು ಮಾಡಿದರೆ ಪ್ರತ್ಯೇಕ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವೆಂಬ ದೋಷ ತಗಲುತ್ತದೆ ಎಂಬುದು ಕರ್ಮವಾದಿಗಳ ಪಕ್ಷ. ಸರಿಯಿದ್ದಾಗ ಮೌನವಾಗಿದ್ದು ತಪ್ಪಿದಾಗಷ್ಟೇ ಬಾಯಿಬಿಡುವ ಲಿಂಟರ್ ಇದೇ ಪಕ್ಷದ್ದು. ಶಂಕರರು ಇದನ್ನು ಒಪ್ಪುವುದಿಲ್ಲ. ತೈತ್ತಿರೀಯ ಭಾಷ್ಯದ ಆರಂಭದಲ್ಲೇ ಅವರು ಈ ವಾದವನ್ನು ಎತ್ತಿಕೊಳ್ಳುತ್ತಾರೆ. ಮಾಡದಿರುವುದು ಒಂದು ಅಭಾವ. ಅಭಾವದಿಂದ ಏನಾದರೂ ಹುಟ್ಟುವುದು ಹೇಗೆ? ಹಾಗಾಗಿ ಕರ್ಮ ಬಿಟ್ಟದ್ದು ದೋಷಕ್ಕೆ ಕಾರಣವಲ್ಲ, ಮೊದಲೇ ಕೂಡಿಬಂದ ದುರಿತದ ಲಕ್ಷಣ ಅಷ್ಟೇ ಎನ್ನುತ್ತಾರೆ.

ಹುಡುಗನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ. ಖಾಲಿ ಸಾಲು ಬಿಡದ್ದರಿಂದ ಯಾವ ಬಗ್ ಕೂಡ ಹುಟ್ಟುವುದಿಲ್ಲ. ಆದರೆ ಫೈಲಿನ ಉದ್ದಕ್ಕೂ ಇ302 ಕಂಡರೆ ನಾನು ನಿಧಾನಕ್ಕೆ ಓದತೊಡಗುತ್ತೇನೆ. ಬೇರೆಡೆಯಿಂದ ತಂದು ಅಂಟಿಸಿದ ಫಂಕ್ಷನ್, ಹಳೆಯ ಹೆಸರಲ್ಲೇ ಉಳಿದ ವೇರಿಯಬಲ್, ಟೆಸ್ಟ್ ಬರೆಯದೆ ಬಿಟ್ಟ ಭಾಗ ಅಲ್ಲೇ ಸುತ್ತಮುತ್ತ ಸಿಗುತ್ತವೆ. ಅವಸರ ಮೊದಲೇ ಒಳಗೆ ಬಂದು ಕೂತಿರುತ್ತದೆ.

ಇಲ್ಲೇ ನನಗೂ ನಮ್ಮ ತಂಡಕ್ಕೂ ಭಿನ್ನಾಭಿಪ್ರಾಯ. ತಂಡ ಬಯಸುವಂತೆ, 2018ರಲ್ಲಿ ಬಂದ ಬ್ಲ್ಯಾಕ್‌ನಂಥ ಫಾರ್ಮ್ಯಾಟರನ್ನು ಎಡಿಟರಿಗೆ ಜೋಡಿಸಿಕೊಂಡರೆ ಫೈಲ್ ಸೇವ್ ಮಾಡಿದ ಕೂಡಲೇ ಸಾಲುಗಳೆಲ್ಲ ತಾವಾಗಿಯೇ ಸರಿಹೋಗುತ್ತವೆ. ಲಕ್ಷಣ ಅಳಿಯಿತು, ಅವಸರ ಅಲ್ಲೇ ಉಳಿಯಿತು. ಯಾಗಕ್ಕೆ ವ್ರೀಹಿ ಎಂಬ ಭತ್ತ ಸಿಗದಿದ್ದರೆ ನೀವಾರವೆಂಬ ಕಾಡುಭತ್ತ ಬಳಸಬಹುದು, ಆದರೆ ಯಜಮಾನನಿಗೆ ಪ್ರತಿನಿಧಿಯಿಲ್ಲ ಎಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಇದರ ಚರ್ಚೆ ಇದೆ. ಕೈಕೆಲಸವನ್ನು ಋತ್ವಿಜರಿಗೆ ಒಪ್ಪಿಸಬಹುದು, ಸಂಕಲ್ಪವನ್ನಲ್ಲ. ಕೈ ಪಳಗಿದವರು ಫಾರ್ಮ್ಯಾಟರ್ ಇಟ್ಟುಕೊಳ್ಳಲಿ, ಅವರ ಸಂಕಲ್ಪ ಗಟ್ಟಿಯಾಗಿದೆ. ಹೊಸಬರಿಗೆ ಮೊದಲು ಲಿಂಟರ್ ಮಾತ್ರ ಇರಬೇಕು, ಅದು ತೋರಿಸಿದ ಜಾಗಕ್ಕೆ ತಾವೇ ಹೋಗಿ ಸಾಲು ಬಿಡಬೇಕು. ಹಾಗೆ ಹೋದಾಗ ಆ ಫಂಕ್ಷನನ್ನು ಇನ್ನೊಮ್ಮೆ ಓದದೆ ಬರಲಾಗದು. ನಿತ್ಯಕರ್ಮದಿಂದ ಚಿತ್ತಶುದ್ಧಿ ಎಂದು ಅದ್ವೈತಿಗಳು ಹೇಳುವುದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಆದರೆ ಶಂಕರರ ಮಾತು ಬರೆಯುವವನ ಕಡೆಯದ್ದು. ಓದುವವರ ಕಡೆಯಿಂದ ಲೆಕ್ಕ ಬೇರೆ. ನಮ್ಮೂರ ತುಂಗೆಯೂ ಅಪ್ಪನ ಊರಿನ ಭದ್ರೆಯೂ ಸೇರುವ ಕೂಡಲಿಯಲ್ಲಿ ಶೃಂಗೇರಿ ಪರಂಪರೆಯ ಮಠವಿದೆ, ಮಧ್ವರ ನೇರ ಶಿಷ್ಯರಾದ ಅಕ್ಷೋಭ್ಯತೀರ್ಥರ ಮಠವೂ ಇದೆ. ಮಧ್ವಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಅಸ್ವತಂತ್ರ ತತ್ತ್ವವನ್ನು ಭಾವ, ಅಭಾವ ಎಂದು ವಿಂಗಡಿಸಿ ಅಭಾವವನ್ನೂ ತತ್ತ್ವಗಳ ಎಣಿಕೆಗೆ ಸೇರಿಸಿದರು. ಓದುವವಳಾಗಿ ನಾನು ಮಧ್ವರ ಮಠದ ಕಡೆ; ಖಾಲಿ ಸಾಲೂ ನನಗೆ ಇರುವ ವಸ್ತುವೇ. ಅಪ್ಪ ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಕಾರ್ಖಾನೆಯ ಲಾಗ್ ಬುಕ್ಕಿನ ನೆನಪು ತೆಗೆದು ನನ್ನ ವಾದಕ್ಕೆ ಬಲ ಕೊಟ್ಟವರೂ ಅವರೇ. ಪಾಳಿ ಬದಲಾಗುವಾಗ ಒಂದು ಸಾಲು ಬಿಟ್ಟು ಮುಂದಿನವರು ಬರೆಯುತ್ತಿದ್ದರಂತೆ. ರಾತ್ರಿ ಪಾಳಿಗೆ ಬಂದವರ ಕಣ್ಣು ನೇರ ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಒಬ್ಬರು ಬಿಟ್ಟು ಇನ್ನೊಬ್ಬರು ಬಿಡದಿದ್ದರೆ ಆ ಜಾಗಕ್ಕೆ ಅರ್ಥವಿಲ್ಲ.

ಕೋಡಿನಲ್ಲೂ ಹಾಗೆಯೇ. ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಥರ ಸಾಲು ಬಿಟ್ಟರೆ, ಗಿಟ್‌ನಲ್ಲಿ ಎರಡು ಆವೃತ್ತಿ ಹೋಲಿಸುವಾಗ ಬರೀ ಖಾಲಿ ಸಾಲುಗಳ ಬದಲಾವಣೆಯೇ ತುಂಬಿಕೊಂಡು ನಿಜವಾಗಿ ಬದಲಾದ ಒಂದು ಸಾಲು ಕಣ್ಣಿಗೆ ಬೀಳುವುದಿಲ್ಲ. ತನಗೆ ಬೇಕಿಲ್ಲದಿದ್ದರೂ ಲೋಕಸಂಗ್ರಹಕ್ಕಾಗಿ ಕರ್ಮ ಮಾಡಬೇಕೆಂದು ಗೀತೆಯ ಮೂರನೆಯ ಅಧ್ಯಾಯ ಹೇಳುವುದು ಹಿರಿಯ ಪ್ರೋಗ್ರಾಮರ್‌ಗಳಿಗೆ ಹೆಚ್ಚು ಸಲ್ಲುತ್ತದೆ.

ಫಂಕ್ಷನ್ನಿನ ಒಳಗೆ ಲಿಂಟರ್ ಇಷ್ಟು ಎಣಿಸುವುದಿಲ್ಲ. ಅಲ್ಲಿ ಖಾಲಿ ಸಾಲನ್ನು ಮಿತವಾಗಿ, ವಿಚಾರದ ಒಂದು ಘಟ್ಟ ಮುಗಿದಲ್ಲಿ ಬಿಡಿ ಎಂದಷ್ಟೇ ಪೆಪ್ 8 ಹೇಳುತ್ತದೆ. ಘಟ್ಟ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅದು ಬರೆದವರಿಗೇ ಗೊತ್ತಿರಬೇಕು. ರಿವ್ಯೂನಲ್ಲಿ ನಾನು ಹೊತ್ತು ಕಳೆಯುವುದು ಅಲ್ಲಿಯೇ. “ಇಲ್ಲಿ ಯಾಕೆ ಸಾಲು ಬಿಟ್ಟೆ?” ಎಂದು ಆ ಹುಡುಗನನ್ನು ಕೇಳುತ್ತೇನೆ. ಮೇಲಿನದು ದತ್ತಾಂಶ ಓದುವುದು, ಕೆಳಗಿನದು ಲೆಕ್ಕ ಹಾಕುವುದು ಎಂದು ಅವನು ಬಿಡಿಸಿ ಹೇಳಿದರೆ, ಹಾಗಾದರೆ ಎರಡು ಫಂಕ್ಷನ್ ಮಾಡು ಅನ್ನುತ್ತೇನೆ. ಮಾಡಿದ ಮೇಲೆ ನಡುವೆ ಎಷ್ಟು ಸಾಲು ಬೇಕೆಂದು ಲಿಂಟರ್ ಹೇಳುತ್ತದೆ.