ಶುದ್ಧಿ ದೊಡ್ಡದೋ, ಸಂತತಿ ದೊಡ್ಡದೋ?

ಮಾನವನು ಪ್ರಾಣಿಗಳನ್ನು ಸಾಕಲು ಮೊದಲುಮಾಡಿದಂದಿನಿಂದಲೂ ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬೇಕೆಂಬುದನ್ನು ತಾನೇ ನಿರ್ಣಯಿಸುತ್ತ ಬಂದಿದ್ದಾನೆ. ರೈತನು ತನ್ನ ಹಸುವಿಗೆ ಹೋರಿಯನ್ನು ಆರಿಸುವಾಗ ಅವನ ದೃಷ್ಟಿ ಹಾಲಿನ ಮೇಲೋ ನೊಗದ ಮೇಲೋ ಇರುತ್ತದೆ. ಅದರಲ್ಲಿ ಗೂಢವಾದುದು ಏನೂ ಇಲ್ಲ. ಆದರೆ ಹಾಲಿಗೂ ಬಾರದ, ಸವಾರಿಗೂ ಒಗ್ಗದ, ಸಂತೆಯಲ್ಲಿ ಬೆಲೆಯೇ ಇಲ್ಲದ ಒಂದು ಕುದುರೆಯ ವಂಶವನ್ನು ಉಳಿಸುವುದಕ್ಕೆಂದೇ ಹಲವು ದೇಶಗಳ ಜನರು ತಲೆಮಾರುಗಳವರೆಗೆ ಲೆಕ್ಕ ಬರೆದು, ಜೋಡಿ ಕೂಡಿಸಿ, ಕಾದು ಕುಳಿತರೆಂದರೆ ಅವರನ್ನು ನಡೆಸಿದ ಬುದ್ಧಿ ಯಾವುದೆಂದು ವಿಚಾರಿಸಬೇಕಾಗುತ್ತದೆ. ಆ ದಾರಿಯಲ್ಲಿ ಅವರಿಗೆ ಎದುರಾದ ಧರ್ಮಸಂಕಟವು ಕುದುರೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಆದಕಾರಣ ವಾಚಕರು ಇದನ್ನು ದೂರದೇಶದ ಮೃಗವಾರ್ತೆಯೆಂದು ಬದಿಗಿಡದೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬಿನ್ನಹ.

ಆ ಕುದುರೆಗೆ ಮಂಗೋಲಿಯದ ಜನರು ತಾಖಿ ಎನ್ನುತ್ತಾರೆ. ಹೊರಜಗತ್ತು ಅದನ್ನು ರಷ್ಯದ ಪ್ರವಾಸಿ ಪ್ರೆಜ್ವಾಲ್ಸ್ಕಿಯ ಹೆಸರಿನಿಂದ ಕರೆಯುತ್ತದೆ. ಅವನು ತಂದ ಚರ್ಮ ಮತ್ತು ತಲೆಬುರುಡೆಗಳನ್ನು ಆಧರಿಸಿ 1881ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. ಗಿಡ್ಡ ಮೈಕಟ್ಟು, ಮರಳಿನ ಬಣ್ಣ, ಬಿಳುಪಾದ ಮೂತಿ, ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ, ಹಣೆಯ ಮೇಲೆ ಬೀಳದೆ ಬ್ರಷ್ಷಿನಂತೆ ನೆಟ್ಟಗೆ ನಿಲ್ಲುವ ಜೂಲು. ಸಾಕುಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳಿದ್ದರೆ ಇದಕ್ಕೆ 66. ಹಾಗಿದ್ದರೂ ಎರಡೂ ಕೂಡಿದರೆ ಮರಿಯಾಗುತ್ತದೆ. ಆ ಮರಿಗೂ ಸಂತಾನವಾಗುತ್ತದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾಡಿನಲ್ಲಿದ್ದ ಈ ಪ್ರಾಣಿ ಯೂರೋಪಿನ ಕಟಾಂಜನದೊಳಕ್ಕೆ ಬಂದ ಬಗೆ ಮನಸ್ಸಿಗೆ ಹಿತವಾದುದಲ್ಲ. 1899ರಿಂದ ಕೆಲವು ವರ್ಷಗಳ ಕಾಲ ಶ್ರೀಮಂತರಿಗಾಗಿ, ಮೃಗಾಲಯಗಳಿಗಾಗಿ ಇವನ್ನು ಹಿಡಿಯುವ ದಂಡುಗಳು ಹೊರಟವು. ಬೆಳೆದ ಕುದುರೆ ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಹಿಂಡನ್ನು ದಣಿಯುವವರೆಗೆ ಅಟ್ಟಿ, ಹಿಂದೆ ಬಿದ್ದ ಎಳೆಯ ಮರಿಗಳನ್ನು ಹಿಡಿಯುತ್ತಿದ್ದರು. ಅಡ್ಡ ಬಂದ ದೊಡ್ಡ ಕುದುರೆಗಳು ಗುಂಡಿಗೆ ಆಹುತಿಯಾದುದೂ ಉಂಟು. ತಾಯಿಯಿಂದ ಅಗಲಿದ ಮರಿಗಳಿಗೆ ಸಾಕುಕುದುರೆಗಳ ಹಾಲೂಡಿಸಿ ಸಾವಿರಾರು ಮೈಲು ಸಾಗಿಸಿದರು. ಪ್ರಾಣಿವ್ಯಾಪಾರಿ ಹಾಗೆನ್‌ಬೆಕ್ಕನ ಜನರು 1901ರಲ್ಲಿ ಹೀಗೆ 28 ಮರಿಗಳನ್ನು ಹ್ಯಾಂಬರ್ಗಿಗೆ ತಂದರು. ಯುಕ್ರೇನಿನ ಅಸ್ಕಾನಿಯ ನೋವಾ ಎಂಬ ಎಸ್ಟೇಟಿನಲ್ಲಿ ಫಾಲ್ಜ್-ಫೈನ್ ಎಂಬ ಜಮೀನ್ದಾರನು ಅದಕ್ಕೂ ಮುಂಚೆಯೇ ಕೆಲವನ್ನು ತರಿಸಿಕೊಂಡಿದ್ದನು.

ಅಲ್ಲಿಯ ಕಾಡಿನಲ್ಲಿ ಉಳಿದವುಗಳ ಗತಿಯೇನಾಯಿತು? ಬೇಟೆ, ದನಗಾಹಿಗಳ ಹಿಂಡುಗಳೊಡನೆ ನೀರು ಹುಲ್ಲಿಗಾಗಿ ಪೈಪೋಟಿ, ಕ್ರೂರವಾದ ಚಳಿಗಾಲಗಳು, ಇವೆಲ್ಲ ಸೇರಿ ಸಂಖ್ಯೆ ಇಳಿಯುತ್ತ ಹೋಗಿ, 1969ರಲ್ಲಿ ಗೋಬಿಯ ಮರಳುಗಾಡಿನಲ್ಲಿ ಒಂದು ಕುದುರೆಯನ್ನು ಕಂಡದ್ದೇ ಕಡೆಯದಾಯಿತು. ಅಂದರೆ, ಅಂದು ಮರಿಗಳನ್ನು ಕದ್ದೊಯ್ದ ದಂಡುಗಳು ಹೊರಡದೆ ಇದ್ದಿದ್ದರೆ ಇಂದು ಭೂಮಿಯ ಮೇಲೆ ತಾಖಿಯೇ ಇರುತ್ತಿರಲಿಲ್ಲ. ಅನ್ಯಾಯವೊಂದು ಒಳ್ಳೆಯ ಫಲ ಕೊಟ್ಟಿತೆಂದು ಅನ್ಯಾಯವನ್ನು ಹೊಗಳಬಹುದೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಹಿಡಿದವರಿಗೆ ವಂಶರಕ್ಷಣೆಯ ಕನಸೂ ಇರಲಿಲ್ಲ. ಅವರ ಸಂಕಲ್ಪ ಪ್ರದರ್ಶನದ್ದು, ಲಾಭದ್ದು. ಫಲವನ್ನು ಅವರ ಪುಣ್ಯಕ್ಕೆ ಜಮಾ ಮಾಡುವ ಕಾರಣವಿಲ್ಲ. ಆದರೆ ಅವರಿಂದ ಪಡೆದು ಮುಂದೆ ಸಾಕಿದವರ ತಲೆಯ ಮೇಲೆ ಒಂದು ಋಣ ಬಿದ್ದಿತು. ಕದ್ದ ಒಡವೆ ಕೈಸೇರಿದ ಮೇಲೆ ಅದನ್ನು ಜೋಪಾನ ಮಾಡಿ, ಉಡೆಯನಿಗೆ ಒಪ್ಪಿಸುವವರೆಗೂ ನಿದ್ದೆ ಮಾಡಲಾಗದವನ ಸ್ಥಿತಿ ಅದು.

ಈ ಋಣ ಎಷ್ಟು ಸಣ್ಣ ಗಂಟಿನದೆಂಬುದನ್ನು ನೋಡಿ. ಹಿಡಿದು ತಂದ ಐವತ್ತಕ್ಕೂ ಹೆಚ್ಚು ಮರಿಗಳಲ್ಲಿ ಸಂತತಿ ಇಂದಿನವರೆಗೆ ಬಂದಿರುವುದು 11ರದು ಮಾತ್ರ. 1947ರಲ್ಲಿ ಮಂಗೋಲಿಯದಲ್ಲಿ ಸಿಕ್ಕಿ, 1957ರಲ್ಲಿ ಅಸ್ಕಾನಿಯ ನೋವಾಕ್ಕೆ ಬಂದ ಒರ್ಲಿತ್ಸ ಎಂಬ ಹೆಣ್ಣುಕುದುರೆ ಹನ್ನೆರಡನೆಯದು. ಎರಡನೆಯ ಮಹಾಯುದ್ಧದಲ್ಲಿ ಅಸ್ಕಾನಿಯದ ಹಳೆಯ ಹಿಂಡು ನಾಶವಾಗಿ, ಪ್ರಾಗ್ ಮತ್ತು ಮ್ಯೂನಿಕ್ ಮೃಗಾಲಯಗಳಲ್ಲಿ ಮಾತ್ರ ದೀಪ ಆರದೆ ಉಳಿದಿತ್ತು. ಇಂದು ಜಗತ್ತಿನಲ್ಲಿರುವ ಎರಡು ಸಾವಿರಕ್ಕೂ ಮಿಕ್ಕಿದ ತಾಖಿಗಳೆಲ್ಲ ಆ ಹನ್ನೆರಡರ ಮಕ್ಕಳ ಮಕ್ಕಳು.

ಆ ಹನ್ನೆರಡು ಮಾತ್ರವೇ ಅಲ್ಲ. ಇಲ್ಲಿಂದಲೇ ತೊಡಕು. 1906ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಒಂದು ತಾಖಿ ಗಂಡಿಗೆ ಮಂಗೋಲಿಯದ ಸಾಕು ಹೆಣ್ಣುಕುದುರೆಯನ್ನು ಕೂಡಿಸಿದ್ದರು. ಆ ರಕ್ತ ಪ್ರಾಗಿನ ಹಿಂಡಿನಲ್ಲಿ ಹರಿದು ಬಂದಿತು. ಇದು ತಿಳಿದಾಗ ಮ್ಯೂನಿಕ್ಕಿನದು ಶುದ್ಧ, ಪ್ರಾಗಿನದು ಬೆರಕೆ ಎಂಬ ಮಾತು ಹುಟ್ಟಿತು. ಬೆರಕೆಯ ಅಂಶವಿರುವ ಕುದುರೆಗಳನ್ನು ಸಂತಾನದಿಂದ ದೂರವಿಡಬೇಕೆಂದು ಒಂದು ಪಕ್ಷ ವಾದಿಸಿತು. ಇಡುವುದಾದರೆ ಆ ಹಿಂಡಿನಲ್ಲಿ ಕೂಡಿಕೊಂಡಿದ್ದ ಕಾಡಿನ ಅಂಶವೂ ಅದರೊಡನೆ ಹೋಗುತ್ತಿತ್ತು. ಶುದ್ಧವೆನಿಸಿದ ಹಿಂಡು ಇನ್ನೂ ಕಿರಿದಾಗಿ, ಅಣ್ಣ ತಂಗಿಯರನ್ನೇ ಕೂಡಿಸುವ ಗತಿ ಬರುತ್ತಿತ್ತು.

ಹತ್ತಿರದ ರಕ್ತವನ್ನು ಮತ್ತೆ ಮತ್ತೆ ಕೂಡಿಸಿದರೆ ಏನಾಗುತ್ತದೆಂಬುದು ಊಹೆಯ ಮಾತಲ್ಲ. ಒಂದೊಂದು ಮೃಗಾಲಯವೂ ತನ್ನ ನಾಲ್ಕೈದು ಕುದುರೆಗಳನ್ನೇ ಕೂಡಿಸುತ್ತ ಹೋದ ದಶಕಗಳಲ್ಲಿ ಎಳೆಮರಿಗಳ ಸಾವು ಹೆಚ್ಚಿತು, ಹೆಣ್ಣುಗಳು ಹೆರುವುದು ಕಡಿಮೆಯಾಯಿತು, ಆಯುಷ್ಯ ಕುಗ್ಗಿತು. ಪ್ರತಿಯೊಂದು ಜೀವಿಯಲ್ಲಿಯೂ ಮರೆಯಾಗಿ ಕುಳಿತ ದೋಷಗಳಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಅದೇ ದೋಷ ಬಂದಾಗ ಮಾತ್ರ ಅದು ಮೈದೋರುತ್ತದೆ. ರಕ್ತ ಹತ್ತಿರವಾದಷ್ಟೂ ಹಾಗೆ ಕೂಡಿಬರುವ ಸಂಭವ ಹೆಚ್ಚು. ಇದರ ಮೇಲೆ ಸಾಕುವವರ ಅಭಿರುಚಿಯ ಪೀಡೆ ಬೇರೆ. ತಾಖಿ ಎಂದರೆ ಹೀಗೆಯೇ ಇರಬೇಕೆಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು, ಬಣ್ಣದಲ್ಲಿಯೋ ಜೂಲಿನಲ್ಲಿಯೋ ಅದಕ್ಕೆ ಹೊಂದದವನ್ನು ಕಡೆಗಣಿಸಿದರು. ಕಾಡಿನ ಹಿಂಡಿನಲ್ಲಿ ಎಷ್ಟು ವೈವಿಧ್ಯವಿದ್ದಿತೋ ಇವರೇನು ಬಲ್ಲರು?

ಈ ಬಿಕ್ಕಟ್ಟಿನಿಂದ ಪಾರುಮಾಡಿದುದು ಒಂದು ಪುಸ್ತಕ. 1959ರಲ್ಲಿ ಪ್ರಾಗಿನಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯ ಕಾಲದಿಂದ ಈ ಕುಲದ ವಂಶಾವಳಿಯನ್ನು ಅಲ್ಲಿಯ ಮೃಗಾಲಯವೇ ಕಾಯ್ದುಕೊಂಡು ಬಂದಿದೆ. ಪ್ರತಿಯೊಂದು ಕುದುರೆಗೂ ಒಂದು ಸಂಖ್ಯೆ, ಅದರ ತಾಯಿ, ಅದರ ತಂದೆ, ಹುಟ್ಟು, ಸಾವು, ಊರಿಂದೂರಿಗೆ ಹೋದ ವಿವರ. ಒಣಲೆಕ್ಕವೆಂದು ತೋರಬಹುದು. ಆದರೆ ಅದನ್ನು ಓದಬಲ್ಲವರಿಗೆ ಅದು ಸಾಲದ ಖಾತೆಯಂತೆ ಮಾತನಾಡುತ್ತದೆ. ಉದಾಹರಣೆಗೆ, ತಾಯಿಯಿಂದ ಮರಿಗೆ ಬರುವುದು ಅವಳ ಅರ್ಧಪಾಲು ಮಾತ್ರ. ಒಂದೇ ಮರಿಯನ್ನು ಬಿಟ್ಟು ತಾಯಿ ಸತ್ತರೆ ಉಳಿದರ್ಧ ಅವಳೊಡನೆಯೇ ಮಣ್ಣಾಯಿತು. ಎಷ್ಟು ಹಣ ಸುರಿದರೂ ಮರಳಿ ಬಾರದು. ಆದುದರಿಂದ ಲೆಕ್ಕವಿಡುವವರು ಹನ್ನೆರಡು ಮೂಲಗಳಲ್ಲಿ ಯಾವುದರ ಪಾಲು ತೀರ ಕ್ಷೀಣಿಸಿದೆಯೋ ಅದನ್ನು ಹುಡುಕಿ, ಅದರ ವಾರಸುದಾರನು ಕುಂಟನಾಗಲಿ ಕುರೂಪಿಯಾಗಲಿ, ಅವನಿಗೇ ಮೊದಲು ಸಂತಾನದ ಅವಕಾಶ ಕೊಡಬೇಕೆನ್ನುತ್ತಾರೆ. 1970ರ ದಶಕದ ಕೊನೆಯ ವೇಳೆಗೆ ಅಮೆರಿಕ ಮತ್ತು ಯೂರೋಪುಗಳ ಮೃಗಾಲಯಗಳು ತಮ್ಮ ತಮ್ಮ ಬೇಲಿಗಳನ್ನು ದಾಟಿ ಕುದುರೆಗಳನ್ನು ಪರಸ್ಪರ ಬದಲಾಯಿಸಿಕೊಳ್ಳತೊಡಗಿದವು. ಹಾಲೆಂಡಿನಲ್ಲಿ ಬೌಮನ್ ದಂಪತಿಗಳು ಗೆಳತಿಯೊಬ್ಬರೊಡನೆ 1977ರಲ್ಲಿ ಒಂದು ಪ್ರತಿಷ್ಠಾನವನ್ನೇ ಕಟ್ಟಿ ಈ ಕೆಲಸಕ್ಕೆ ನಿಂತರು. ಹೆಸರಾದ ಗಂಡುಕುದುರೆಯನ್ನು ಇನ್ನೊಬ್ಬರ ಅಂಗಳಕ್ಕೆ ಕಳುಹಿಸಿಕೊಡುವುದು ಅಷ್ಟು ಸುಲಭದ ತ್ಯಾಗವಲ್ಲವೆಂಬುದನ್ನು ದನಕರು ಸಾಕಿದ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಶುದ್ಧ, ಬೆರಕೆ ಎಂಬ ಎರಡು ಸಾಲುಗಳೂ ಕ್ರಮೇಣ ಕೂಡಿಕೊಂಡವು.

ಇಲ್ಲಿ ಒಂದು ಮಾತು. ಕುದುರೆಗೆ, ನಾಯಿಗೆ ಜಾತಿ ನೋಡುತ್ತೀರಿ, ಮನುಷ್ಯನಿಗೆ ಮಾತ್ರ ಏಕೆ ನೋಡಬಾರದು ಎಂದು ಜಗಲಿಯ ಮೇಲೆ ಕುಳಿತು ವಾದಿಸುವವರನ್ನು ನೀವೂ ಕೇಳಿರಬೇಕು. ಕುಲದ ಹಮ್ಮನ್ನು ಅಲ್ಲಗಳೆದ ಪರಂಪರೆಯಲ್ಲಿ ಬೆಳೆದ ನಮ್ಮವರೂ ಕೆಲವೊಮ್ಮೆ ಈ ಮಾತಿಗೆ ತಲೆದೂಗುವುದನ್ನು ಕಂಡಿದ್ದೇನೆ. ಅವರು ಪ್ರಾಗಿನ ಆ ಪುಸ್ತಕವನ್ನು ನೋಡಬೇಕು. ಅದರಲ್ಲಿ ಮೇಲಿನ ಮೂಲ, ಕೀಳು ಮೂಲ ಎಂಬ ಕಾಲಮೇ ಇಲ್ಲ. ಯಾರು ಕಡಿಮೆಯಾಗಿದ್ದಾರೋ ಅವರ ಕಡೆಗೆ ಮೊದಲ ಗಮನ. ಹತ್ತಿರದವರನ್ನೇ ಕೂಡಿಸುವುದು ಅಲ್ಲಿ ಹೆಮ್ಮೆಯಲ್ಲ, ಅಪಾಯದ ಸೂಚನೆ. ಮನುಷ್ಯಕುಲವಾದರೋ ಎಂಟುನೂರು ಕೋಟಿ ಮೀರಿದ ಒಂದೇ ಹಿಂಡು. ಕಾಪಾಡಬೇಕಾದ ಅಪರೂಪದ ರಕ್ತ ಅದರಲ್ಲಿ ಯಾವ ಮನೆತನದ್ದು? ಕುದುರೆಯ ವಂಶಾವಳಿಯನ್ನು ಮದುವೆಯ ಚಪ್ಪರಕ್ಕೆ ಎಳೆದು ತರುವವರಿಗೆ ಕುದುರೆಯ ವಿಷಯವೂ ತಿಳಿಯದೆಂದೇ ಹೇಳಬೇಕಾಗುತ್ತದೆ.

ಇನ್ನು ಸುಲಭವಾಗಿ ಉತ್ತರಿಸಲಾಗದ ಪ್ರಶ್ನೆಯೊಂದಿದೆ. ವಂಶದ ಹಿತಕ್ಕಾಗಿ ಒಂದೊಂದು ಜೀವದ ಮೇಲೆ ನಾವು ನಡೆಸುವ ಅಧಿಕಾರಕ್ಕೆ ಮಿತಿ ಯಾವುದು? ಪುಸ್ತಕ ಬೇಡವೆಂದ ಗಂಡುಕುದುರೆ ಬೇಲಿಯ ಈಚೆ, ಹೆಣ್ಣಿನ ವಾಸನೆಯೂ ಸುಳಿಯದ ಗಂಡುಗಳ ಹಿಂಡಿನಲ್ಲಿ ಆಯುಷ್ಯ ಕಳೆಯುತ್ತದೆ. ಅದಕ್ಕೆ ತನ್ನ ಕುಲದ ಚಿಂತೆಯಿಲ್ಲ. ಇರುವುದು ತನ್ನ ಒಂದು ಜೀವ ಮಾತ್ರ. 2020ರಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಯಿತು. ಅಮೆರಿಕದ ಸಾನ್ ಡಿಯಾಗೊ ಮೃಗಾಲಯದವರು 1980ರಲ್ಲಿ ಒಂದು ತಾಖಿ ಗಂಡಿನ ಜೀವಕೋಶಗಳನ್ನು ಶೀತದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ನಲವತ್ತು ವರ್ಷಗಳ ಮೇಲೆ, ಆ ಕುದುರೆ ಎಂದೋ ಸತ್ತುಹೋದ ಮೇಲೆ, ಅದರ ಒಂದು ಕೋಶದಿಂದ ಸಾಕುಕುದುರೆಯ ಗರ್ಭದಲ್ಲಿ ತದ್ರೂಪಿ ಮರಿಯೊಂದನ್ನು ಪಡೆದರು. ಕರ್ಟ್ ಎಂದು ಹೆಸರಿಟ್ಟರು. 2023ರಲ್ಲಿ ಅದೇ ಕೋಶಗಳಿಂದ ಎರಡನೆಯದೂ ಹುಟ್ಟಿತು. ಸತ್ತವನನ್ನು ಎಬ್ಬಿಸಿದರೆಂದು ಬೆರಗುಪಟ್ಟವರುಂಟು. ಎದ್ದವನು ಅವನಲ್ಲ, ಮರಿ ಮರಿಯೇ, ಅದರ ಹಸಿವು ಅದರದೇ. ಬಂದುದು ಹಿಂಡಿನಲ್ಲಿ ತೆಳುವಾಗುತ್ತಿದ್ದ ಒಂದು ಪಾಲು. ಕಳೆದುದನ್ನು ನಾವೇ ಕಳೆದಿರುವಾಗ ಈ ಉಪಾಯವನ್ನು ತಪ್ಪೆನ್ನಲು ನನ್ನ ನಾಲಗೆ ಏಳದು. ಆದರೂ ಶೀತದ ಪೆಟ್ಟಿಗೆಯಲ್ಲಿ ಕೋಶವಿದೆಯೆಂಬ ಧೈರ್ಯದಿಂದ ಹೊರಗಿನ ಹುಲ್ಲುಗಾವಲನ್ನು ಮರೆಯುವ ಬುದ್ಧಿ ಮನುಷ್ಯನಿಗೆ ಬಹಳ ಬೇಗ ಬರುತ್ತದೆ.

ಬೇಲಿಯಲ್ಲಿಯೇ ಇಟ್ಟುಕೊಳ್ಳಲು ಈ ವಂಶವನ್ನು ಕಾಯಬೇಕಾಗಿರಲಿಲ್ಲ. 1992ರಲ್ಲಿ ತಾಖಿಗಳು ಮಂಗೋಲಿಯದ ಹುಸ್ತಾಯಿಗೂ ಗೋಬಿಯ ಅಂಚಿನ ತಾಖಿನ್ ತಾಲ್ ಎಂಬಲ್ಲಿಗೂ ವಿಮಾನದಲ್ಲಿ ಮರಳಿದವು. ಕಾಡಿನಲ್ಲಿ ನಿರ್ನಾಮವೆಂದು ದಾಖಲಾಗಿದ್ದ ಪ್ರಾಣಿಯನ್ನು 2008ರಲ್ಲಿ ಆ ಪಟ್ಟಿಯಿಂದ ತೆಗೆಯಲಾಯಿತು. 2024ರಲ್ಲಿ ಪ್ರಾಗ್ ಮತ್ತು ಬರ್ಲಿನ್‌ಗಳಿಂದ ಏಳು ಕುದುರೆಗಳು ಕಜಾಕಸ್ತಾನದ ಬಯಲಿಗೂ ಹೋದವು. ಸ್ವಾತಂತ್ರ್ಯ ಸುಖವೊಂದನ್ನೇ ತರಲಿಲ್ಲ. 2009-10ರ ಹಿಮಗಾಲದಲ್ಲಿ ಗೋಬಿಯ ಹಿಂಡಿನ ಅರ್ಧಕ್ಕೂ ಹೆಚ್ಚು ಕುದುರೆಗಳು ಸತ್ತವು. ಹುಸ್ತಾಯಿಯಲ್ಲಿ ತೋಳಗಳು ಪ್ರತಿವರ್ಷ ಮರಿಗಳನ್ನು ತಿನ್ನುತ್ತವೆ. ತೋಳವನ್ನು ಕೊಂದು ಮರಿಯನ್ನು ಕಾಯುವುದಾದರೆ ಅದು ಕಾಡಲ್ಲ, ಇನ್ನೊಂದು ದೊಡ್ಡ ಕೊಟ್ಟಿಗೆ.

ಈ ನಡುವೆ ವಿದ್ವಾಂಸರು ಮೂಲದ ಬುಡಕ್ಕೇ ಕೈಹಾಕಿದ್ದಾರೆ. ಐದು ಸಾವಿರ ವರ್ಷಗಳಿಗೂ ಹಿಂದೆ ಉತ್ತರ ಕಜಾಕಸ್ತಾನದ ಬೊತಾಯಿ ಜನರು ಸಾಕಿದ ಕುದುರೆಗಳು ತಪ್ಪಿಸಿಕೊಂಡು ಕಾಡು ಸೇರಿದುದರ ಸಂತತಿಯೇ ತಾಖಿ ಎಂದು 2018ರಲ್ಲಿ ಒಂದು ಸಂಶೋಧನೆ ಸಾರಿತು. ಬೊತಾಯಿಯವರು ಕುದುರೆ ಸಾಕಿದ್ದರೆಂಬುದೇ ಸಂದೇಹವೆಂದು 2021ರಲ್ಲಿ ಬೇರೆಯವರು ಉತ್ತರ ಕೊಟ್ಟರು. ವಾದ ಎತ್ತ ಮುಗಿದರೂ ಹುಸ್ತಾಯಿಯ ಕಾವಲುಗಾರನಿಗೆ ನಾಳಿನ ಕೆಲಸ ಬದಲಾಗದು. ದನಗಾಹಿಗಳ ಸಾಕು ಗಂಡುಕುದುರೆಗಳು ಒಳಗೆ ನುಗ್ಗಿ ತಾಖಿ ಹೆಣ್ಣುಗಳನ್ನು ಕೂಡದಂತೆ ಅವನು ಗಡಿಯಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಎರಡು ಸಾವಿರದ ಹಿಂಡು ಲಕ್ಷಾಂತರ ಕುದುರೆಗಳಲ್ಲಿ ಬೆರೆತರೆ ಹಾಲಿಗೆ ನೀರಲ್ಲ, ಕೆರೆಗೆ ಒಂದು ಚಮಚ ಹಾಲು ಹಾಕಿದಂತೆ. ಗಡಿಯ ಒಳಗೆ ಮಾತ್ರ ಅವನು ಕೈಕಟ್ಟಿ ನಿಲ್ಲಬೇಕು. ಅಲ್ಲಿ ಗಂಡುಗಳು ಕಾದಾಡಿ ಹಿಂಡನ್ನು ಗೆಲ್ಲುತ್ತವೆ, ಸೋಲುತ್ತವೆ. ಲೆಕ್ಕದವರು ಬೇಡವೆನ್ನಬಹುದಾದ ಜೋಡಿಗಳೂ ಕೂಡುತ್ತವೆ. ವಸಂತದಲ್ಲಿ ಮರಿ ಹುಟ್ಟಿದಾಗ ದುರ್ಬೀನು ಹಿಡಿದು ದೂರದಿಂದ ನೋಡಿ, ತಾಯಿ ಯಾವುದು, ಜೊತೆಗಿರುವ ಗಂಡು ಯಾವುದು ಎಂದು ಅವನು ಬರೆದುಕೊಳ್ಳುತ್ತಾನೆ.