ದಯೆಯ ಹೆಸರಿನಲ್ಲಿ

ಬೆಲ್ಜಿಯಂ ದೇಶವು 2014ರಲ್ಲಿ ಮಕ್ಕಳಿಗೂ ದಯಾಮರಣದ ಅವಕಾಶವನ್ನು ಶಾಸನದ ಮೂಲಕ ನೀಡಿತು. ಅಸಹನೀಯ ಯಾತನೆಯಿರಬೇಕು, ಮರಣ ಸನ್ನಿಹಿತವಾಗಿರಬೇಕು, ವಿವೇಚನೆಯುಳ್ಳ ಮಗುವೇ ಕೇಳಬೇಕು, ತಂದೆತಾಯಿಗಳು ಒಪ್ಪಬೇಕು. ನೆದರ್ಲೆಂಡಿನ ಗ್ರೋನಿಂಗನ್ ನಗರದ ವೈದ್ಯರು 2004ರಲ್ಲಿ ರೂಪಿಸಿದ ನಿಯಮಾವಳಿಯಾದರೋ ಮಾತೇ ಬಾರದ ನವಜಾತ ಶಿಶುಗಳನ್ನು ಕುರಿತದ್ದು. ಅಲ್ಲಿ ಒಪ್ಪುವವರು ಹೆತ್ತವರು, ನಿರ್ಣಯಿಸುವವರು ವೈದ್ಯರು.

ಶಿಶುವಿನ ನರಳಾಟಕ್ಕೆ ಕರಗಿದ ಹೃದಯವನ್ನು ಕ್ರೂರವೆನ್ನಲಾಗದು. ಆದರೆ ನಾವು ಕೊನೆಗಾಣಿಸಬಯಸುವುದು ಮಗುವಿನ ನೋವನ್ನೋ, ಅದನ್ನು ನೋಡಲಾರದ ನಮ್ಮ ನೋವನ್ನೋ? ನಿಷ್ಫಲ ಚಿಕಿತ್ಸೆಯನ್ನು ನಿಲ್ಲಿಸಿ, ನೋವನ್ನು ಶಮನಗೊಳಿಸಿ, ಮಡಿಲಲ್ಲಿಟ್ಟು ಬೀಳ್ಕೊಡುವಾಗ ಸಾವನ್ನು ಒಪ್ಪುತ್ತೇವೆ. ಪ್ರಾಣವನ್ನು ತೆಗೆಯುವಾಗ ಆ ಬಾಳಿನ ಬೆಲೆಯನ್ನೇ ಕಟ್ಟುತ್ತೇವೆ. ಕೇಳಲಾರದ ಜೀವದ ಪರವಾಗಿ ಬೆಲೆ ಕಟ್ಟುವ ಅಧಿಕಾರ ನಮಗಿಲ್ಲವೆಂದೇ ನನ್ನ ಭಾವನೆ. ಔಷಧಕ್ಕೂ ಮಣಿಯದ ಯಾತನೆಯ ಮುಂದೆ ಈ ಮಾತು ತಡವರಿಸುವುದೆಂಬುದನ್ನೂ ಬಲ್ಲೆ. ಆದುದರಿಂದಲೇ, ತಾವು ಅಂಥ ತಾಯಿಯನ್ನು ಕಂಡರೆ ತೀರ್ಪು ನೀಡದಿರಿ. ಅವಳ ಬಳಿ ಕುಳಿತುಕೊಳ್ಳಿರಿ.