ಹಿತ್ತಲ ಹಕ್ಕಿ, ಕೈಯಲ್ಲಿ ಕ್ಯಾಮೆರಾ

ಹಕ್ಕಿ ನೋಡಲು ಕಾಡಿಗೇ ಹೋಗಬೇಕು ಎನ್ನುವವರು ತಮ್ಮ ಹಿತ್ತಲನ್ನು ಇನ್ನೂ ಸರಿಯಾಗಿ ನೋಡಿಲ್ಲ.

*

ಕಾಗೆಯಿಂದಲೇ ಶುರು ಮಾಡಬೇಕು. ಊರುಕಾಗೆಯ ಕತ್ತು ಬೂದಿ ಬಣ್ಣ. ಕಾಡುಕಾಗೆ ನೆತ್ತಿಯಿಂದ ಬಾಲದವರೆಗೂ ಕಪ್ಪು, ಕೊಕ್ಕೂ ದಪ್ಪ. ಎರಡೂ ಒಂದೇ ಕರೆಂಟ್ ತಂತಿಯ ಮೇಲೆ ಕೂರುತ್ತವೆ. ಚಿಕ್ಕಂದಿನಿಂದ ಅನ್ನ ಹಾಕುತ್ತ ಬಂದ ಹಕ್ಕಿ ಒಂದಲ್ಲ, ಎರಡು ಎಂದು ತಿಳಿದ ದಿನ ಕಣ್ಣು ಕೆಲಸ ಶುರುಮಾಡುತ್ತದೆ. ಆಮೇಲೆ ಗೊರವಂಕ: ಕಣ್ಣಿನ ಸುತ್ತ ಹಳದಿ ಚರ್ಮವಿದ್ದರೆ ಊರ ಗೊರವಂಕ, ಅದಿಲ್ಲದೆ ಹಣೆಯ ಮೇಲೆ ಗರಿಯ ಕುಚ್ಚು ಎದ್ದು ನಿಂತಿದ್ದರೆ ಕಾಡು ಗೊರವಂಕ.

*

ಅಪರೂಪದ ಹಕ್ಕಿಯ ಹಿಂದೆ ಓಡುವವರಿಗೆ ಹಕ್ಕಿ ಸಿಗಬಹುದು. ಸಾಮಾನ್ಯ ಹಕ್ಕಿಯ ಮುಂದೆ ಕೂರುವವರಿಗೆ ಅದರ ಬದುಕು ಸಿಗುತ್ತದೆ.

*

ಹಕ್ಕಿಯನ್ನು ಗುರುತಿಸಬೇಕಾದರೆ ಅದನ್ನು ಕೊಲ್ಲಬೇಕಾಗಿದ್ದ ಕಾಲವೊಂದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಎ. ಓ. ಹ್ಯೂಮ್ ಭಾರತದಲ್ಲಿ ಕಲೆಹಾಕಿದ ಹತ್ತಾರು ಸಾವಿರ ಹಕ್ಕಿಗಳ ಒಣಗಿಸಿದ ದೇಹಗಳು 1885ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮುಂಬಯಿಯ ಹುಡುಗ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದು ಬೀಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಎಂದು ಕೇಳಿಕೊಂಡು ಅವನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ಅಲ್ಲಿಂದಲೇ ಭಾರತದ ಹಕ್ಕಿಶಾಸ್ತ್ರಕ್ಕೆ ಅವರು ಸಿಕ್ಕರು. ಅದೇ ಪ್ರಶ್ನೆಯನ್ನು ಇಂದು ಹಕ್ಕಿಯ ಒಂದು ಗರಿಯೂ ಕೊಂಕದಂತೆ ಕೇಳಬಹುದು. ಕ್ಯಾಮೆರಾ ನಮಗೆ ಮಾಡಿದ ಅತಿ ದೊಡ್ಡ ಉಪಕಾರ ಇದು. ಅಂದದ ಚಿತ್ರದ ಮಾತು ಆಮೇಲೆ.

*

ಮಸುಕಾದ ಚಿತ್ರಕ್ಕೂ ಬೆಲೆಯಿದೆ, ಅದರ ಜೊತೆ ತಾರೀಕು ಮತ್ತು ಜಾಗ ಇದ್ದರೆ.

*

ಬೆಳಿಗ್ಗೆ ದಾಸವಾಳದ ಗಿಡಕ್ಕೆ ಸೂರಕ್ಕಿ ಬರುತ್ತದೆ. ಹೂವಿನ ಬಾಯಿಗೆ ಹೋಗುವುದಿಲ್ಲ. ಬುಡದಲ್ಲಿ ಕೊಕ್ಕಿನಿಂದ ತೂತು ಮಾಡಿ ಮಕರಂದ ಹೀರುತ್ತದೆ. ಗಂಡು ನೆರಳಲ್ಲಿದ್ದಾಗ ಕಂದು ಕಪ್ಪು ಮುದ್ದೆ. ತಲೆಯನ್ನು ಒಂದಿಷ್ಟು ಹೊರಳಿಸಿದರೆ ಸಾಕು, ನೆತ್ತಿಯ ಮೇಲೆ ಹಸಿರು ಹತ್ತಿಕೊಳ್ಳುತ್ತದೆ. ಮರುಕ್ಷಣ ಆರಿಹೋಗುತ್ತದೆ. ಆ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಒಳರಚನೆಗೆ ಬೆಳಕು ಬಿದ್ದು ಮರಳುವ ಕೋನದಿಂದ ಹುಟ್ಟಿದ್ದು. ಒಂದೇ ಕೊಂಬೆಯ ಮೇಲೆ, ಒಂದೇ ಉಸಿರಿನಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಎರಡು ಬೇರೆ ಹಕ್ಕಿಗಳಿರುವಂತೆ ಕಾಣುವುದು ಹೀಗೆ. ಆದ್ದರಿಂದ ಒಂದು ಚಿತ್ರದ ಬಣ್ಣ ನಂಬಿ ಹೆಸರು ಹೇಳಬಾರದು. ಕೊಕ್ಕಿನ ಬಾಗು, ಬಾಲದ ಉದ್ದ, ಕೂತ ರೀತಿ, ಎಲ್ಲಿ ಏನು ತಿನ್ನುತ್ತಿತ್ತು ಎಂಬುದು ಬಣ್ಣಕ್ಕಿಂತ ಕಡಿಮೆ ಸುಳ್ಳು ಹೇಳುತ್ತವೆ.

*

ಕಪ್ಪು ನೇರಳೆಯಾಗಿ ಮಿಂಚುವ ಇನ್ನೊಂದು ಸೂರಕ್ಕಿಯ ಗಂಡು, ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಾಸಲು ಹಳದಿಗೆ ತಿರುಗುತ್ತದೆ. ಗಂಟಲಿನಿಂದ ಎದೆಗೆ ಇಳಿದ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆ ಗೆರೆಯನ್ನು ಹಿಡಿಯಲು ವರ್ಷವಿಡೀ ಅದೇ ಗಿಡದ ಮುಂದೆ ಇರಬೇಕು. ಪ್ರವಾಸಕ್ಕೆ ಹೋದವರಿಗೆ ಇದು ದಕ್ಕದು, ಮನೆಯಲ್ಲಿ ಇರುವವರಿಗೆ ದಕ್ಕುತ್ತದೆ.

*

ಕಪ್ಪು ಕೋಗಿಲೆಯನ್ನು ಎಲ್ಲರೂ ಬಲ್ಲರು. ಮೈತುಂಬ ಬಿಳಿ ಚುಕ್ಕಿಯ ಕಂದು ಹಕ್ಕಿಯ ಚಿತ್ರ ತೋರಿಸಿ ಇದೂ ಕೋಗಿಲೆಯೇ, ಹೆಣ್ಣು ಎಂದರೆ ನಂಬುವವರು ಕಡಿಮೆ. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ಮರಿಗೆ ಕಾಗೆ ಕೈತುತ್ತಿನಂತೆ ಉಣಿಸುವ ಚಿತ್ರ ಒಂದಿದ್ದರೆ ಯಾವ ಪಾಠವೂ ಬೇಡ.

*

ಕಂಚುಕುಟಿಗ ‘ಟುಕ್ ಟುಕ್ ಟುಕ್’ ಎಂದು ಮಧ್ಯಾಹ್ನವಿಡೀ ಕೂಗುತ್ತದೆ. ಚಿತ್ರ ತೆಗೆದು ನೋಡಿದರೆ ಕೊಕ್ಕು ಮುಚ್ಚಿದೆ, ಗಂಟಲು ಮಾತ್ರ ಉಬ್ಬಿದೆ. ಬಾಯಿ ತೆರೆಯದೆ ಅಷ್ಟು ದೂರ ಕೇಳುವಂತೆ ಕೂಗುವ ಈ ಹಕ್ಕಿಯ ಗುಟ್ಟನ್ನು ಬರಿಗಣ್ಣು ಸುಲಭವಾಗಿ ಹಿಡಿಯದು. ಟುವ್ವಿಹಕ್ಕಿಯದೂ ಹಾಗೇ: ಕತ್ತು ಚಾಚಿ ಕೂಗಿದಾಗ ಮಾತ್ರ ಗರಿಗಳ ನಡುವಿನಿಂದ ಕಪ್ಪು ಚರ್ಮದ ಪಟ್ಟಿಯೊಂದು ಹಣಕುತ್ತದೆ. ಕೂಗು ನಿಂತರೆ ಪಟ್ಟಿಯೂ ಇಲ್ಲ.

*

ಕಾಜಾಣ ಕಷ್ಟದ ಹಕ್ಕಿ, ಚಿತ್ರ ತೆಗೆಯುವವರಿಗೆ. ಬೆಳಗಿನ ಆಕಾಶವನ್ನು ಹಿಂದಿಟ್ಟುಕೊಂಡು ತಂತಿಯ ಮೇಲೆ ಕೂತ ಕಪ್ಪು ಹಕ್ಕಿಯನ್ನು ಕ್ಯಾಮೆರಾ ತನ್ನ ಲೆಕ್ಕಕ್ಕೆ ಬಿಟ್ಟರೆ ಬರೀ ನೆರಳು ಬರುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸಿದರೆ ಕೊಕ್ಕಿನ ಮೂಲೆಯ ಸಣ್ಣ ಬಿಳಿ ಚುಕ್ಕಿ ಕಾಣುತ್ತದೆ, ಅದೇ ಕಪ್ಪು ಕಾಜಾಣದ ಗುರುತು. ಚಳಿಗಾಲದಲ್ಲಿ ಬರುವ ಬೂದು ಕಾಜಾಣಕ್ಕೆ ಆ ಚುಕ್ಕಿ ಇಲ್ಲ, ಕಣ್ಣು ಕೆಂಪು. ಬೆಳ್ಳಕ್ಕಿಗೆ ಇದರ ಉಲ್ಟಾ: ಬೆಳಕು ಇಳಿಸದಿದ್ದರೆ ಗರಿಯೆಲ್ಲ ಸುಣ್ಣದ ಗೋಡೆಯಾಗುತ್ತದೆ.

*

ದೂರ ಅರ್ಧವಾದರೆ ಚಿತ್ರದಲ್ಲಿ ಹಕ್ಕಿ ತುಂಬುವ ಜಾಗ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಲೆನ್ಸ್ ಇದನ್ನು ದುಡ್ಡಿಗೆ ಕೊಡುತ್ತದೆ. ದಿನವೂ ಅದೇ ಹೊತ್ತಿಗೆ, ಅದೇ ಹಿತ್ತಲ ಮೆಟ್ಟಿಲ ಮೇಲೆ ಅಲುಗದೆ ಕೂತರೆ ಹಕ್ಕಿಯೇ ಕೊಡುತ್ತದೆ.

*

ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರ ತಲೆಮಾರು ಕಲಿತದ್ದು ಆ ಬಿಗಿಯಲ್ಲಿ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಾಗಿ ಕಾದದ್ದೂ ಅದೇ ಕಾಲದಲ್ಲೇ. ಅವರ ‘ಕನ್ನಡ ನಾಡಿನ ಹಕ್ಕಿಗಳು’ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಹಕ್ಕಿ ಪುಸ್ತಕವಾಯಿತು. ಈಗ ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ಬೀಳುತ್ತವೆ. ಬೀಳಲಿ, ಒಳ್ಳೆಯದೇ. ಆದರೆ ಸಂಜೆ ಕೂತು ಅವನ್ನು ಒಂದೊಂದಾಗಿ ನೋಡದಿದ್ದರೆ ಹಕ್ಕಿಯನ್ನು ಒಮ್ಮೆಯೂ ನೋಡಿದಂತಾಗಲಿಲ್ಲ.

*

ಕೆಲವು ಹಕ್ಕಿಗಳನ್ನು ಚಿತ್ರದಿಂದ ಗುರುತಿಸಲು ಹೊರಡುವುದೇ ತಪ್ಪು ದಾರಿ. ಮಳೆಗಾಲ ಮುಗಿಯುತ್ತಿದ್ದಂತೆ ಉತ್ತರದಿಂದ ಬಂದು ಮಾವಿನ ಮರದ ಎಲೆಗಳ ನಡುವೆ ಸೇರಿಕೊಳ್ಳುವ ಎಲೆ ಉಲಿಯಕ್ಕಿಗಳು ಎಲ್ಲವೂ ಮಂಕು ಹಸಿರು, ಎಲ್ಲಕ್ಕೂ ಹುಬ್ಬಿನ ಗೆರೆ. ಚುರುಕಾದ ಕಣ್ಣೂ ಅಲ್ಲಿ ಸೋಲುತ್ತದೆ. ಅವು ಬೇರ್ಪಡುವುದು ಕರೆಯಲ್ಲಿ. ಬೇಲಿಯೊಳಗಿಂದ ನಾಲಿಗೆ ಲೊಚಗುಟ್ಟಿದಂತೆ ‘ಟಕ್, ಟಕ್’ ಕೇಳಿದರೆ ಅದು ಬ್ಲೈತ್‌ನ ಜೊಂಡು ಉಲಿಯಕ್ಕಿ ಎಂದು ಕಾಣದೆಯೇ ಬರೆದುಕೊಳ್ಳಬಹುದು. ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ಧ್ವನಿಯೂ ಸಾಕ್ಷಿಯೇ.

*

ಮರ್ಲಿನ್‌ನಂಥ ಆ್ಯಪ್ ಹೆಸರು ಸೂಚಿಸುತ್ತದೆ, ತೀರ್ಮಾನ ಕೊಡುವುದಿಲ್ಲ. ಹೆಸರು ಬಂದ ಮೇಲೆ ಎರಡು ಪ್ರಶ್ನೆ ಕೇಳಿ: ಈ ಹಕ್ಕಿ ನಮ್ಮ ಊರಲ್ಲಿ ಇರುವಂಥದ್ದೇ? ಈ ತಿಂಗಳಲ್ಲಿ ಇರುವಂಥದ್ದೇ? ಕೆಮ್ಮೀಸೆ ಪಿಕಳಾರದ ಮರಿಗೆ ಕೆಂಪು ಮೀಸೆ ಇನ್ನೂ ಬಂದಿರುವುದಿಲ್ಲ. ಅದನ್ನು ಯಂತ್ರವೂ ಬೇರೆ ಹಕ್ಕಿ ಎನ್ನಬಹುದು. ಪಕ್ಕದ ಕೊಂಬೆಯಲ್ಲಿ ಅದಕ್ಕೆ ಹುಳ ತಂದುಕೊಡುತ್ತಿರುವ ತಾಯಿಯನ್ನು ನೋಡಿದರೆ ಅನುಮಾನವೇ ಉಳಿಯದು.

*

ಗೊತ್ತಾಗಲಿಲ್ಲ ಎಂದು ಬರೆದಿಡುವುದೂ ಗುರುತಿಸುವಿಕೆಯ ಭಾಗ. ಊಹೆಯ ಹೆಸರು ದಾಖಲೆಯೊಳಗೆ ಸೇರಿದರೆ ತೆಗೆಯುವವರು ಯಾರು?

*

ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಎದುರಿಗೆ ಕರೆಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮಡಿವಾಳ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಹೆದರಿ ಬರುತ್ತದೆ. ಮರಿಗೆ ಹುಳ ಹಿಡಿಯಬೇಕಾದ ಹೊತ್ತನ್ನು ಇಲ್ಲದ ಶತ್ರುವಿನ ಜೊತೆ ಕಾದಾಡಿ ಕಳೆಯುತ್ತದೆ.

*

ಗೂಡಿನ ಚಿತ್ರ ಬೇಡ. ಎರಡು ಎಲೆ ಸೇರಿಸಿ ಟುವ್ವಿಹಕ್ಕಿ ಹೊಲಿದ ಗೂಡು ಕಾಣಲಿ ಎಂದು ಅಡ್ಡ ಬಂದ ಒಂದು ಎಲೆಯನ್ನು ಸರಿಸಿ ಕಟ್ಟಿದರೂ ಬಿಸಿಲು ಮರಿಗಳ ಮೇಲೆ ನೇರ ಬೀಳುತ್ತದೆ. ಕಾಗೆಗೂ ಬೆಕ್ಕಿಗೂ ದಾರಿ ತೆರೆಯುತ್ತದೆ. ನಾವು ಪದೇಪದೇ ಹೋಗಿ ನೋಡುವುದನ್ನು ಕಾಗೆ ಗಮನಿಸುತ್ತದೆ. ಎಂಥ ಚಿತ್ರವೂ ಒಂದು ಮರಿಗೆ ಸಮವಲ್ಲ, ಇದರಲ್ಲಿ ರಾಜಿಯಿಲ್ಲ.

*

ಕಾಳು ಎರಚಿದರೆ ಪಾರಿವಾಳ ಬರುತ್ತವೆ. ಬೇರೆ ಹಕ್ಕಿ ಬರಬೇಕಾದರೆ ಹುಳ ಇರಬೇಕು. ಮಕರಂದ ಕುಡಿಯುವ ಸೂರಕ್ಕಿಯೂ ತನ್ನ ಮರಿಗೆ ಉಣಿಸುವುದು ಹುಳ, ಜೇಡಗಳನ್ನೇ. ಕರಿಬೇವಿನ ಎಲೆಯನ್ನು ಚಿಟ್ಟೆಯ ಮರಿಹುಳ ತಿಂದು ತೂತು ಮಾಡಿದ್ದರೆ ಔಷಧಿ ಹೊಡೆಯಬೇಡಿ, ನಾಳೆಯ ಚಿತ್ರ ಆ ಎಲೆಯ ಮೇಲೆ ತೆವಳುತ್ತಿದೆ. ಗಸಗಸೆ ಹಣ್ಣಿನ ಮರ ಒಂದಿದ್ದರೆ ಬದನಿಕೆ ಹಕ್ಕಿ, ಪಿಕಳಾರ, ಕುಟ್ರುಹಕ್ಕಿ ಎಲ್ಲವೂ ಅದರ ಸಾಲಿನಲ್ಲಿ ಬರುತ್ತವೆ. ನೀರಿನ ತಟ್ಟೆ ಎರಡಿಂಚಿಗಿಂತ ಆಳ ಇರಬಾರದು. ದಿನವೂ ತೊಳೆದು ಹೊಸ ನೀರು ಹಾಕಬೇಕು, ಬೆಕ್ಕು ಹೊಂಚುಹಾಕುವ ಮರೆಯಿಂದ ತುಸು ದೂರ ಇಡಬೇಕು.

*

ಹಿತ್ತಲಲ್ಲಿ ಬರೆದಿಟ್ಟದ್ದು ಹಿತ್ತಲಲ್ಲೇ ಉಳಿಯಬೇಕಿಲ್ಲ. 2014ರಲ್ಲಿ ಮೈಸೂರಿನ ಹಕ್ಕಿಪ್ರಿಯರು ನಗರವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ಅಟ್ಲಾಸ್ ಮಾಡಲು ಇಳಿದರು. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಬಗೆಯ ಹಕ್ಕಿಗಳನ್ನು ತೂಗಿ ನೋಡಿದ್ದು ಸುಮಾರು 30,000 ವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳಿಂದ. ಅವರಲ್ಲಿ ಬಹುಪಾಲು ಜನ ವಿಜ್ಞಾನಿಗಳಲ್ಲ. ಕೋಗಿಲೆ, ನವಿಲು ಹೆಚ್ಚುತ್ತಿವೆ, ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಯುತ್ತಿದೆ ಎಂದು ನಾವಿಂದು ಹೇಳಬಲ್ಲದ್ದು ಅವರ ಚಿಕ್ಕ ಚಿಕ್ಕ ಪಟ್ಟಿಗಳ ಬಲದಿಂದ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಗಣತಿ ಅಮೆರಿಕದಲ್ಲಿ 1998ರಲ್ಲಿ ಶುರುವಾದದ್ದು, ಭಾರತ ಸೇರಿಕೊಂಡದ್ದು 2013ರಲ್ಲಿ. ಹದಿನೈದು ನಿಮಿಷ ಜಗಲಿಯಲ್ಲಿ ನಿಂತು ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಹತ್ತು ಕಾಗೆ, ನಾಲ್ಕು ಗೊರವಂಕ ಎಂಬ ಸಪ್ಪೆ ಪಟ್ಟಿಯೂ ಬೇಕು. ಇಪ್ಪತ್ತು ವರ್ಷದ ಮೇಲೆ ಯಾರೋ ಅದನ್ನೇ ಹುಡುಕುತ್ತಾರೆ.

*

ಅಕ್ಟೋಬರ್, ನವೆಂಬರ್‌ನಲ್ಲಿ ರಾತ್ರಿ ಪಯಣಿಸುವ ನವರಂಗ ಹಕ್ಕಿ ಕೆಲವೊಮ್ಮೆ ದಣಿದು, ಇಲ್ಲವೇ ಕಿಟಕಿ ಗಾಜಿಗೆ ಡಿಕ್ಕಿ ಹೊಡೆದು, ಬೆಂಗಳೂರಿನ ಮನೆಗಳ ಅಂಗಳಕ್ಕೆ ಬೀಳುತ್ತದೆ. ಹಸಿರು ಬೆನ್ನು, ಕಣ್ಣಿಗೆ ದಪ್ಪ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕೆಂಪು. ಮೊದಲು ಬೆಕ್ಕನ್ನು ಒಳಗೆ ಕೂಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು, ಕತ್ತಲೆ ಮತ್ತು ಸದ್ದಿಲ್ಲದ ಮೂಲೆಯಲ್ಲಿ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಸುರಿಯಬೇಡಿ. ಚೇತರಿಸಿಕೊಂಡರೆ ಪೊದೆಯ ಬುಡದಲ್ಲಿ ಬಿಟ್ಟು ಹಿಂದೆ ಸರಿಯಿರಿ. ಏಳದಿದ್ದರೆ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ. ದಾಖಲೆಗೆ ಒಂದೇ ಚಿತ್ರ ಸಾಕು, ಫ್ಲ್ಯಾಶ್ ಇಲ್ಲದೆ.